ಗಡಿನಾಡಿನ ಮನುಷ್ಯ ರಾಬರ್ಟ್ ಶೂಮನ್

ಪ್ರತಿವರ್ಷ ಮೇ 9ರಂದು ಯೂರೋಪಿನಲ್ಲಿ ಯೂರೋಪ್ ದಿನವನ್ನು ಆಚರಿಸುತ್ತಾರೆ. ಬ್ರಸೆಲ್ಸ್, ಲಕ್ಸೆಂಬರ್ಗ್, ಸ್ಟ್ರಾಸ್‌ಬರ್ಗ್ ನಗರಗಳ ಕಚೇರಿಗಳ ಮೇಲೆ ಹನ್ನೆರಡು ನಕ್ಷತ್ರಗಳ ನೀಲಿ ಬಾವುಟ ಹಾರುತ್ತದೆ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳ ಮಕ್ಕಳು ಇಂದು ಜರ್ಮನಿ, ಇಟಲಿ, ಆಸ್ಟ್ರಿಯಗಳಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಅವರಿಗೆ ಅದು ಕೆಲಸದ ನಡುವಿನ ಒಂದು ದಿನ, ಅಷ್ಟೆ. ಆ ದಿನಾಂಕವು ಒಬ್ಬ ಕಥೋಲಿಕ ವಕೀಲನ ಬದುಕಿನಿಂದ ಬಂದದ್ದೆಂಬುದನ್ನು ಬಲ್ಲವರು ಅಲ್ಲಿಯೂ ಕಡಿಮೆ, ಇಲ್ಲಿಯೂ ಕಡಿಮೆ. ಆತ ಮದುವೆಯಾಗಲಿಲ್ಲ, ಯಾಜಕನೂ ಆಗಲಿಲ್ಲ. ಅನುಕೂಲವಿದ್ದಾಗಲೆಲ್ಲ ದಿನದ ಬಲಿಪೂಜೆಯನ್ನು ತಪ್ಪಿಸದೆ, ಜಪಮಾಲೆಯನ್ನು ಬಿಡದೆ, ಫ್ರಾನ್ಸಿನ ಪ್ರಧಾನಿಯೂ ವಿದೇಶಾಂಗ ಮಂತ್ರಿಯೂ ಆದ ಮನುಷ್ಯ. 2021ರ ಜೂನ್ 19ರಂದು ಆಗಿನ ಜಗದ್ಗುರು ಫ್ರಾನ್ಸಿಸರು ಈ ರಾಬರ್ಟ್ ಶೂಮನ್ ಅವರ ಸದ್ಗುಣಗಳು ಅಸಾಧಾರಣವಾದವುಗಳೆಂದು ಅಂಗೀಕರಿಸಿದ ಬಳಿಕ ಧರ್ಮಸಭೆಯು ಅವರನ್ನು ಪೂಜ್ಯರೆಂದು ಕರೆಯುತ್ತದೆ.

ಇಂದು ನಾವು ಅವರನ್ನು ನೆನೆಯುವುದಕ್ಕೆ ಮತ್ತೊಂದು ಕಾರಣವಿದೆ. ಅಟ್ಲಾಂಟಿಕ್ ಸಾಗರದಾಚೆಯ ಅಮೆರಿಕವು ಯೂರೋಪಿನ ರಕ್ಷಣೆಗೆ ಇನ್ನೆಷ್ಟು ಕಾಲ ನಿಂತೀತು, ಯೂರೋಪು ತನ್ನನ್ನು ತಾನೇ ಕಾಯ್ದುಕೊಳ್ಳಬಲ್ಲುದೇ ಎಂಬ ಪ್ರಶ್ನೆಯು ಕೆಲವು ವರ್ಷಗಳಿಂದ ಅಲ್ಲಿನ ರಾಜಧಾನಿಗಳಲ್ಲಿ ನಿದ್ದೆಗೆಡಿಸಿದೆ. ಇದು ಹೊಸ ಪ್ರಶ್ನೆಯಲ್ಲ. ಅಮೆರಿಕದೊಡನೆಯ ಸೈನಿಕ ಒಪ್ಪಂದಕ್ಕೂ ಯೂರೋಪಿನ ಐಕ್ಯದ ಮೊದಲ ಒಪ್ಪಂದಕ್ಕೂ ಫ್ರಾನ್ಸಿನ ಪರವಾಗಿ ಸಹಿ ಹಾಕಿದ ಕೈ ಒಂದೇ. ಆ ಎರಡನ್ನೂ ಒಂದಾಗಿ ಹೆಣೆಯಲು ಹೋಗಿ ಸೋತವರೂ ಅವರೇ.

ಶೂಮನ್ ಜನಿಸಿದ್ದು 1886ರ ಜೂನ್ 29ರಂದು, ಸಂತ ಪೇತ್ರ ಪೌಲರ ಹಬ್ಬದ ದಿನ, ಲಕ್ಸೆಂಬರ್ಗ್ ನಗರದ ಕ್ಲೌಸೆನ್ ಎಂಬ ಭಾಗದಲ್ಲಿ. ತಂದೆ ಲೊರೇನ್ ಪ್ರಾಂತದ ಗಡಿಹಳ್ಳಿಯವರು. ಅವರು ಹುಟ್ಟಿದಾಗ ಆ ಹಳ್ಳಿ ಫ್ರಾನ್ಸಿನದಾಗಿತ್ತು. 1871ರಲ್ಲಿ ಫ್ರಾನ್ಸ್ ಯುದ್ಧದಲ್ಲಿ ಸೋತು ಲೊರೇನಿನ ಆ ಪಾಲನ್ನು ಕಳೆದುಕೊಂಡಾಗ ಅವರು ಜರ್ಮನ್ ಪ್ರಜೆಯಾದರು. ತಾಯಿ ಯೂಜೆನಿ ಲಕ್ಸೆಂಬರ್ಗಿನವರು. ಹೀಗಾಗಿ ಮಗು ಹುಟ್ಟಿದ್ದು ಒಂದು ದೇಶದಲ್ಲಿ, ಕಾಗದದಲ್ಲಿ ಸೇರಿದ್ದು ಮತ್ತೊಂದಕ್ಕೆ, ತಂದೆಯ ನೆನಪುಗಳಿದ್ದುದು ಮೂರನೆಯದರಲ್ಲಿ. ಮನೆಯ ಮಾತು ಲಕ್ಸೆಂಬರ್ಗಿನದು. ಜರ್ಮನ್, ಫ್ರೆಂಚ್ ಎರಡೂ ಶಾಲೆಯಲ್ಲಿ ಬಂದವು. ನಮ್ಮ ಗಡಿನಾಡುಗಳಲ್ಲಿ ಮನೆಯಲ್ಲೊಂದು, ಪೇಟೆಯಲ್ಲೊಂದು, ಇಗರ್ಜಿಯಲ್ಲೊಂದು ಭಾಷೆಯನ್ನಾಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸವೇನೆಂದರೆ ಅಲ್ಲಿ ಗಡಿಯು ಒಂದೊಂದು ತಲೆಮಾರಿಗೊಮ್ಮೆ ರಕ್ತದಲ್ಲಿ ಸರಿದಾಡುತ್ತಿತ್ತು.

ಹದಿನಾಲ್ಕರ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗನನ್ನು ತಾಯಿಯೇ ಸಾಕಿದರು, ಪ್ರಾರ್ಥನೆಯನ್ನೂ ಅವರೇ ಕಲಿಸಿದರು. ಬಾನ್, ಮ್ಯೂನಿಕ್, ಬರ್ಲಿನ್, ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾನಿಲಯಗಳಲ್ಲಿ ಕಾನೂನು ಓದಿ 1910ರಲ್ಲಿ ಡಾಕ್ಟರ್ ಪದವಿ ಪಡೆದರು. ಮರುವರ್ಷವೇ ಕುದುರೆಗಾಡಿಯ ಅಪಘಾತದಲ್ಲಿ ತಾಯಿ ತೀರಿಕೊಂಡರು. ಇಪ್ಪತ್ತೈದರ ಯುವಕನಿಗೆ ಬದುಕು ಬರಿದಾಯಿತು. ಸೆಮಿನರಿಗೆ ಸೇರಿ ಯಾಜಕನಾಗುವ ಯೋಚನೆ ಬಲವಾಯಿತು. ಆಗ ಆತ್ಮೀಯ ಸ್ನೇಹಿತರೊಬ್ಬರು ಪತ್ರ ಬರೆದು, ಶ್ರೀಸಾಮಾನ್ಯರ ನಡುವೆ ಶ್ರೀಸಾಮಾನ್ಯನಾಗಿಯೇ ಇದ್ದು ಸೇವೆ ಮಾಡುವುದು ನಿನಗೆ ತಕ್ಕದ್ದು, ಮುಂದಿನ ಕಾಲದ ಸಂತರು ಕೋಟು ತೊಟ್ಟವರಾಗಿರುತ್ತಾರೆ ಎಂಬರ್ಥದಲ್ಲಿ ಅವರನ್ನು ತಡೆದರು. ಶೂಮನ್ ಆ ಮಾತನ್ನು ಸ್ವೀಕರಿಸಿದರು. 1912ರಲ್ಲಿ ಮೆಟ್ಸ್ ನಗರದಲ್ಲಿ ವಕೀಲಿ ಕಚೇರಿ ತೆರೆದರು. ಅಲ್ಲಿನ ಧರ್ಮಾಧ್ಯಕ್ಷರು ಧರ್ಮಪ್ರಾಂತ್ಯದ ಯುವಜನ ಸಂಘಟನೆಯ ಹೊಣೆಯನ್ನು ಅವರಿಗೆ ವಹಿಸಿದರು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆರೋಗ್ಯದ ಕಾರಣದಿಂದ ರಣರಂಗಕ್ಕೆ ಹೋಗದೆ ಕಚೇರಿಯ ಕೆಲಸದಲ್ಲಿದ್ದರು. 1918ರಲ್ಲಿ ಲೊರೇನ್ ಮರಳಿ ಫ್ರಾನ್ಸಿಗೆ ಸೇರಿತು. ಮೂವತ್ತೆರಡು ವರ್ಷಗಳ ಜರ್ಮನ್ ಪ್ರಜೆ ಮನೆ ಬದಲಿಸದೆಯೇ ಫ್ರೆಂಚ್ ಪ್ರಜೆಯಾದರು. ಮರುವರ್ಷ ಮೊಸೆಲ್ ಜಿಲ್ಲೆಯ ಜನ ಅವರನ್ನು ಪ್ಯಾರಿಸಿನ ಸಂಸತ್ತಿಗೆ ಕಳುಹಿಸಿದರು. ನಡುವಿನ ಯುದ್ಧಕಾಲವನ್ನು ಬಿಟ್ಟರೆ 1962ರವರೆಗೆ ಅವರೇ ಅಲ್ಲಿನ ಪ್ರತಿನಿಧಿ. ಜರ್ಮನ್ ಕಾನೂನಿನಡಿ ಬೆಳೆದ ಪ್ರಾಂತವನ್ನು ಫ್ರೆಂಚ್ ಕಾನೂನಿಗೆ ಹೊಂದಿಸುವ, ಯಾರೂ ಕಣ್ಣೆತ್ತಿ ನೋಡದ ಕೆಲಸದಲ್ಲಿ ಅವರು ವರ್ಷಗಳನ್ನು ಕಳೆದರು. ಕಾರ್ಮಿಕರ ವಿಮೆ, ಶಾಲೆಗಳಲ್ಲಿ ಧರ್ಮಬೋಧನೆ ಮುಂತಾಗಿ ತಮ್ಮ ಜನ ಒಳ್ಳೆಯದೆಂದು ಕಂಡುಕೊಂಡ ಏರ್ಪಾಡುಗಳನ್ನು ಅಳಿಸದೆ ಉಳಿಸಲು ಹೋರಾಡಿದರು. ಎರಡು ದೇಶಗಳ ಕಾನೂನುಗಳನ್ನು ಸಾಲುಸಾಲಾಗಿ ಒಟ್ಟಿಗಿಟ್ಟು ಹೊಂದಿಸುವ ಈ ಅಭ್ಯಾಸವೇ ಮುಂದೆ ಅವರ ಕೈಹಿಡಿಯಿತೆಂದು ನಮಗೆ ತೋರುತ್ತದೆ. ಭಾಷಣಕಾರರೆಂದು ಅವರು ಎಂದೂ ಹೆಸರಾಗಲಿಲ್ಲ.

ಇನ್ನು ಮರೆಮಾಚಬಾರದ ಒಂದು ಸಂಗತಿ. 1940ರ ಜುಲೈ 10ರಂದು, ಜರ್ಮನ್ ಸೇನೆಗೆ ಫ್ರಾನ್ಸ್ ಶರಣಾದ ಬಳಿಕ, ಮಾರ್ಷಲ್ ಪೆತೇನರಿಗೆ ಸರ್ವಾಧಿಕಾರ ಕೊಡುವ ನಿರ್ಣಯಕ್ಕೆ 569 ಸದಸ್ಯರು ಪರವಾಗಿ ಮತ ನೀಡಿದರು, 80 ಮಂದಿ ವಿರೋಧಿಸಿದರು. ಶೂಮನ್ ಅವರ ಮತ 569ರಲ್ಲಿ ಒಂದು. ದಿಕ್ಕುತಪ್ಪಿದ ಆ ವಾರಗಳಲ್ಲಿ ಅನೇಕ ಪ್ರಾಮಾಣಿಕರೂ ಹಾಗೆಯೇ ಮಾಡಿದರೆಂಬುದು ನಿಜ. ಆದರೂ ಎಂಬತ್ತು ಮಂದಿಗೆ ಕಂಡದ್ದು ಅವರಿಗೆ ಕಾಣಲಿಲ್ಲ. ಅದಾದ ಎರಡೇ ತಿಂಗಳಲ್ಲಿ, ಸೆಪ್ಟೆಂಬರಿನಲ್ಲಿ, ಮೆಟ್ಸಿಗೆ ಮರಳಿದ್ದ ಅವರನ್ನು ಗೆಸ್ಟಾಪೊ ಬಂಧಿಸಿತು. ಏಳು ತಿಂಗಳು ಸೆರೆಮನೆ, ಆಮೇಲೆ ಜರ್ಮನಿಯ ನಾಯ್‌ಶ್ಟಾಟ್ ಎಂಬ ಪಟ್ಟಣದಲ್ಲಿ ಕಾವಲು. ನಾಜಿಗಳೊಡನೆ ಸಹಕರಿಸಲು ಅವರು ಒಪ್ಪಲಿಲ್ಲ. 1942ರ ಆಗಸ್ಟಿನಲ್ಲಿ ಅಲ್ಲಿಂದ ತಪ್ಪಿಸಿಕೊಂಡು, ಯುದ್ಧ ಮುಗಿಯುವವರೆಗೆ ಫ್ರಾನ್ಸಿನ ಸನ್ಯಾಸಿಮಠಗಳಲ್ಲಿಯೂ ಧರ್ಮಕೇಂದ್ರಗಳಲ್ಲಿಯೂ ಅಡಗಿ ಕಾಲ ಕಳೆದರು. ಯುದ್ಧದ ನಂತರ 1940ರ ಮತವು ಅವರನ್ನು ಅಡ್ಡಗಟ್ಟಿತು. ಚುನಾವಣೆಗೆ ನಿಲ್ಲಲು ಅನರ್ಹರೆನಿಸಿದ್ದ ಅವರ ಮೇಲಿನ ಆ ನಿರ್ಬಂಧ 1945ರ ಸೆಪ್ಟೆಂಬರಿನಲ್ಲಿ ನೀಗಿತು.

ಆಮೇಲಿನ ಏರಿಕೆ ವೇಗವಾದದ್ದು: 1946ರಲ್ಲಿ ಹಣಕಾಸು ಮಂತ್ರಿ, 1947ರ ನವೆಂಬರಿನಲ್ಲಿ ಪ್ರಧಾನಿ, 1948ರ ಜುಲೈಯಿಂದ 1953ರ ಜನವರಿಯವರೆಗೆ ವಿದೇಶಾಂಗ ಮಂತ್ರಿ. ಸರ್ಕಾರಗಳು ತಿಂಗಳೆಣಿಸಿ ಬೀಳುತ್ತಿದ್ದ ಆ ದಿನಗಳಲ್ಲಿ ವಿದೇಶಾಂಗ ಖಾತೆ ಅವರ ಕೈಯಲ್ಲಿಯೇ ಉಳಿದುದು ಸಣ್ಣ ಮಾತಲ್ಲ. ಸರ್ಕಾರದ ಹಣವನ್ನು ಬಡವನ ಗಂಟಿನಂತೆ ಕಾಯುತ್ತಿದ್ದ ಅವರು ಮಂತ್ರಾಲಯದ ಓಣಿಗಳಲ್ಲಿ ಉರಿಯುತ್ತಿದ್ದ ದೀಪಗಳನ್ನು ತಾವೇ ಆರಿಸುತ್ತ ನಡೆಯುತ್ತಿದ್ದರೆಂದು ಹೇಳುವುದುಂಟು. ನಮ್ಮ ದೇಶಕ್ಕೆ ತಾಗುವ ಒಂದು ಘಟನೆಯೂ ಆಗ ನಡೆಯಿತು: 1949ರ ಜೂನಿನಲ್ಲಿ ಬಂಗಾಳದ ಫ್ರೆಂಚ್ ವಸಾಹತಾದ ಚಂದ್ರನಗರದ ಜನ ಮತದಾನದ ಮೂಲಕ ಭಾರತವನ್ನು ಸೇರಲು ನಿರ್ಧರಿಸಿದಾಗ ಪ್ಯಾರಿಸಿನಲ್ಲಿ ವಿದೇಶಾಂಗ ಮಂತ್ರಿಯಾಗಿದ್ದವರು ಶೂಮನ್. ನಮ್ಮ ಕರಾವಳಿಗೆ ಹತ್ತಿರದ ಮಾಹೆ ಮಾತ್ರ 1954ರವರೆಗೆ ಕಾಯಬೇಕಾಯಿತು.

ಈಗ ಮುಖ್ಯ ಮಾತಿಗೆ ಬರೋಣ. 1949ರ ಏಪ್ರಿಲ್ 4ರಂದು ವಾಷಿಂಗ್ಟನ್ನಿನಲ್ಲಿ ಹನ್ನೆರಡು ದೇಶಗಳು ಉತ್ತರ ಅಟ್ಲಾಂಟಿಕ್ ಒಪ್ಪಂದಕ್ಕೆ ಸಹಿ ಹಾಕಿದವು. ನಾವು ನ್ಯಾಟೊ ಎಂದು ಕರೆಯುವ ಸಂಘಟನೆ ಅದರಿಂದಲೇ ಹುಟ್ಟಿತು. ಒಬ್ಬರ ಮೇಲೆ ಬಿದ್ದ ಪೆಟ್ಟು ಎಲ್ಲರ ಮೇಲೂ ಬಿದ್ದಂತೆ ಎಂಬುದು ಅದರ ಐದನೆಯ ವಿಧಿಯ ತಿರುಳು. ಪೂರ್ವ ಯೂರೋಪಿನ ರಾಜಧಾನಿಗಳು ಒಂದೊಂದಾಗಿ ಸೋವಿಯತ್ ಹಿಡಿತಕ್ಕೆ ಸಿಕ್ಕಿದ್ದವು. 1948ರ ಫೆಬ್ರವರಿಯಲ್ಲಿ ಪ್ರಾಗ್ ಕೂಡ ಕಮ್ಯೂನಿಸ್ಟರ ವಶವಾಗಿತ್ತು. ಎರಡು ಸಲ ಅಮೆರಿಕನ್ನರು ತಡವಾಗಿ ಬಂದುದನ್ನು ಕಂಡ ಫ್ರಾನ್ಸಿಗೆ, ಈ ಸಲ ಅವರು ಯುದ್ಧಕ್ಕೆ ಮೊದಲೇ ಮಾತು ಕೊಡುವುದು ಬದುಕಿನ ಪ್ರಶ್ನೆಯಾಗಿತ್ತು. ಫ್ರಾನ್ಸಿನ ಪರವಾಗಿ ಸಹಿ ಹಾಕಿದವರು ಶೂಮನ್. ತಿಂಗಳೊಂದು ಕಳೆದು, ಮೇ 5ರಂದು, ಲಂಡನ್ನಿನಲ್ಲಿ ಯೂರೋಪ್ ಪರಿಷತ್ತಿನ ಸ್ಥಾಪನಾ ಒಪ್ಪಂದಕ್ಕೂ ಅವರ ಸಹಿ ಬಿತ್ತು.

ಆದರೆ ಸೈನಿಕ ಒಪ್ಪಂದವು ಹೊರಗಿನ ಶತ್ರುವನ್ನು ದೂರವಿಡುತ್ತದೆಯೇ ಹೊರತು ಒಳಗಿನ ಹಗೆಯನ್ನು ಕರಗಿಸುವುದಿಲ್ಲ. ಫ್ರಾನ್ಸ್ ಮತ್ತು ಜರ್ಮನಿ ಎಪ್ಪತ್ತು ವರ್ಷಗಳಲ್ಲಿ ಮೂರು ಸಲ ಹೊಡೆದಾಡಿದ್ದವು. ಮೂರು ಸಲವೂ ತುಳಿತಕ್ಕೆ ಸಿಕ್ಕಿದ್ದು ಶೂಮನ್ನರ ಲೊರೇನ್. 1949ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್, ಬ್ರಿಟನ್ನಿನ ಬೆವಿನ್ ಇಬ್ಬರೂ ಜರ್ಮನಿಯ ವಿಷಯದಲ್ಲಿ ಒಂದು ದಾರಿ ತೋರಿಸುವ ಹೊಣೆಯನ್ನು ಅವರ ಹೆಗಲಿಗೆ ಹಾಕಿದರು. ತಿಂಗಳುಗಳು ಕಳೆದರೂ ಅವರ ಬಳಿ ಉತ್ತರವಿರಲಿಲ್ಲ. 1950ರ ಮೇ 10ಕ್ಕೆ ಲಂಡನ್ನಿನಲ್ಲಿ ಮೂವರೂ ಸೇರಬೇಕಾಗಿತ್ತು.

ಆಗ ಝಾಂ ಮೊನೇ ಎಂಬ ಯೋಜನಾಧಿಕಾರಿ ಸಿದ್ಧಪಡಿಸಿದ ಕೆಲವು ಹಾಳೆಗಳ ಯೋಜನೆಯೊಂದು ಅವರ ಕೈಸೇರಿತು. ವಾರಾಂತ್ಯಕ್ಕೆ ಊರಿಗೆ ಹೊರಟಿದ್ದ ಶೂಮನ್ ಅದನ್ನು ರೈಲಿನಲ್ಲಿ ಕೊಂಡೊಯ್ದು, ಮೆಟ್ಸ್ ಬಳಿಯ ಸೀ-ಶಾಝೆಲ್ ಹಳ್ಳಿಯ ಮನೆಯಲ್ಲಿ ಓದಿದರು. ಸೋಮವಾರ ಪ್ಯಾರಿಸಿನ ನಿಲ್ದಾಣದಲ್ಲಿ ಇಳಿದಾಗ, ಕಾದುನಿಂತಿದ್ದ ತಮ್ಮ ಕಾರ್ಯದರ್ಶಿಗೆ ಒಪ್ಪಿಗೆಯೆಂದು ತಿಳಿಸಿದರು. ಯೋಜನೆ ಇಷ್ಟೆ: ಫ್ರಾನ್ಸ್ ಮತ್ತು ಜರ್ಮನಿಗಳ ಕಲ್ಲಿದ್ದಲು ಹಾಗೂ ಉಕ್ಕಿನ ಉತ್ಪಾದನೆಯನ್ನು, ಬೇರೆ ದೇಶಗಳೂ ಸೇರಬಹುದಾದ ಒಂದು ಸಾಮಾನ್ಯ ಅಧಿಕಾರದ ಕೈಗೆ ಒಪ್ಪಿಸುವುದು. ಕಲ್ಲಿದ್ದಲಿಲ್ಲದೆ ಕುಲುಮೆಯಿಲ್ಲ, ಕುಲುಮೆಯಿಲ್ಲದೆ ಫಿರಂಗಿಯಿಲ್ಲ. ಎರಡರ ಲೆಕ್ಕವೂ ಒಂದೇ ಮೇಜಿನ ಮೇಲಿದ್ದರೆ ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಯುದ್ಧಕ್ಕೆ ಸಿದ್ಧರಾಗುವಂತಿಲ್ಲ. ಮೇ 9ರ ಬೆಳಿಗ್ಗೆ ದೂತನೊಬ್ಬ ಬಾನ್ ನಗರಕ್ಕೆ ಪತ್ರ ಕೊಂಡೊಯ್ದ. ಜರ್ಮನಿಯ ಚಾನ್ಸಲರ್ ಅಡೆನಾವರ್ ಅಂದೇ ಒಪ್ಪಿದರು. ಸಂಜೆ ಶೂಮನ್ ತಗ್ಗಿದ ದನಿಯಲ್ಲಿ ಪತ್ರಕರ್ತರೆದುರು ಅದನ್ನು ಓದಿದರು. ಅಚೆಸನ್ನರಿಗೆ ಎರಡು ದಿನ ಮುಂಚೆ ಗುಟ್ಟಾಗಿ ತಿಳಿಸಿದ್ದರು. ಬೆವಿನ್ನರಿಗೆ ತಿಳಿಸಿರಲಿಲ್ಲ, ಅವರು ಕೆರಳಿದರು. ಬ್ರಿಟನ್ ಹೊರಗುಳಿಯಿತು. 1951ರ ಏಪ್ರಿಲ್ 18ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ಹಾಲೆಂಡ್, ಲಕ್ಸೆಂಬರ್ಗ್ ಆರು ದೇಶಗಳು ಸಹಿ ಹಾಕಿದವು. ಮರುವರ್ಷ ಆ ಸಂಸ್ಥೆಯ ಕಚೇರಿ ತೆರೆದದ್ದು ಶೂಮನ್ ಹುಟ್ಟಿದ ಲಕ್ಸೆಂಬರ್ಗ್ ನಗರದಲ್ಲಿಯೇ.

ಈ ಮಾತುಕತೆಗಳಲ್ಲಿ ಮೂವರು ಕಥೋಲಿಕರು ಎದುರುಬದುರಾಗಿ ಕುಳಿತರು: ಶೂಮನ್, ಕೊಲೋನಿನ ಮೇಯರಾಗಿದ್ದ ಅಡೆನಾವರ್, ಇಟಲಿಯ ಪ್ರಧಾನಿ ದೆ ಗ್ಯಾಸ್ಪರಿ. ದೆ ಗ್ಯಾಸ್ಪರಿ ಆಸ್ಟ್ರಿಯ ಸಾಮ್ರಾಜ್ಯಕ್ಕೆ ಸೇರಿದ್ದ ಟ್ರೆಂಟೊ ನಾಡಿನವರು, ವಿಯೆನ್ನಾ ಸಂಸತ್ತಿನಲ್ಲಿ ಕುಳಿತವರು. ಮೂವರಿಗೂ ಜರ್ಮನ್ ಬರುತ್ತಿತ್ತು, ದುಭಾಷಿ ಬೇಕಾಗಿರಲಿಲ್ಲ. ಇದನ್ನು ಕಂಡು ವ್ಯಾಟಿಕನ್ನಿನ ಸಂಚೆಂದು ಆಡಿಕೊಂಡವರೂ ಇದ್ದರು. ಆದರೆ ಯೋಜನೆ ಬರೆದ ಮೊನೇ ರಾಜಕೀಯ ಪಕ್ಷಗಳಿಂದ ದೂರವಿದ್ದ ವ್ಯಾಪಾರದ ಮನೆತನದವರು. ಬೆಂಬಲಿಸಿದವರಲ್ಲಿ ಸಮಾಜವಾದಿಗಳೂ ಇದ್ದರು.

ಕಲ್ಲಿದ್ದಲಿನ ಮಾತುಕತೆ ಆರಂಭವಾದ ಕೆಲವೇ ದಿನಗಳಲ್ಲಿ, 1950ರ ಜೂನ್ 25ರಂದು, ಕೊರಿಯದಲ್ಲಿ ಯುದ್ಧ ಹೊತ್ತಿಕೊಂಡಿತು. ನಾಳೆ ಯೂರೋಪಿನಲ್ಲಿಯೂ ಹೀಗಾದೀತೆಂದು ಭಾವಿಸಿದ ಅಮೆರಿಕನ್ನರು ಸೆಪ್ಟೆಂಬರಿನಲ್ಲಿ ಜರ್ಮನರ ಕೈಗೆ ಮತ್ತೆ ಬಂದೂಕು ಕೊಡಬೇಕೆಂದು ಪಟ್ಟುಹಿಡಿದರು. ಶೂಮನ್ನರ ಸ್ಥಿತಿಯನ್ನು ಊಹಿಸಬಹುದು. ಕೇವಲ ಹದಿನಾಲ್ಕು ತಿಂಗಳ ಹಿಂದೆ, ಅಟ್ಲಾಂಟಿಕ್ ಒಪ್ಪಂದವನ್ನು ಸಂಸತ್ತಿನ ಮುಂದಿಡುವಾಗ, ಜರ್ಮನಿಗೆ ಸೇನೆಯಿಲ್ಲ, ಇರುವುದೂ ಇಲ್ಲ, ಅದು ಈ ಕೂಟಕ್ಕೆ ಸೇರುವುದನ್ನು ಯೋಚಿಸುವಂತೆಯೂ ಇಲ್ಲ ಎಂದು ಅವರೇ ಭರವಸೆ ಕೊಟ್ಟಿದ್ದರು. ಒಪ್ಪದಿದ್ದರೆ ಅಮೆರಿಕದ ರಕ್ಷಣೆ ಸಡಿಲವಾದೀತು. ಒಪ್ಪಿದರೆ ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ಏನು ಹೇಳುವುದು?

ಇದಕ್ಕೂ ಮೊನೇ ಅವರ ಬಳಿ ಒಂದು ದಾರಿಯಿತ್ತು. ಪ್ರಧಾನಿ ಪ್ಲೆವೆನ್ ಅದನ್ನು ಅಕ್ಟೋಬರ್ 24ರಂದು ಸಂಸತ್ತಿನಲ್ಲಿ ಮಂಡಿಸಿದರು. ಜರ್ಮನ್ ಸೇನೆ ಎಂಬುದಿರಬಾರದು. ಜರ್ಮನ್ ಸೈನಿಕರು ಇರಲಿ, ಆದರೆ ಆರು ದೇಶಗಳ ಒಂದೇ ಸೇನೆಯಲ್ಲಿ, ಒಂದೇ ಸಮವಸ್ತ್ರದಲ್ಲಿ, ನ್ಯಾಟೊ ದಂಡನಾಯಕನ ಕೈಕೆಳಗೆ. 1952ರ ಮೇ 27ರಂದು ಯೂರೋಪ್ ರಕ್ಷಣಾ ಸಮುದಾಯದ ಒಪ್ಪಂದಕ್ಕೆ ಸಹಿಯಾಯಿತು. ಅಟ್ಲಾಂಟಿಕ್ ಕೂಟವೂ ಯೂರೋಪಿನ ಐಕ್ಯವೂ ಒಂದಕ್ಕೊಂದು ಅಡ್ಡಬರದೆ ಒಂದೇ ಮನೆಯಲ್ಲಿ ಬಾಳುವ ಏರ್ಪಾಡದು. ಇಂದಿನವರೆಗೆ ಅಷ್ಟು ಮುಂದೆ ಹೋದ ಬೇರೊಂದು ಯೋಜನೆಗೆ ಯೂರೋಪಿನಲ್ಲಿ ಸಹಿ ಬಿದ್ದಿಲ್ಲ.

ಸಹಿ ಬಿದ್ದುದೇನೋ ನಿಜ. ಆದರೆ ಆ ಬಳಿಕ ಶೂಮನ್ ವಿದೇಶಾಂಗ ಖಾತೆಯಲ್ಲಿದ್ದ ಏಳೆಂಟು ತಿಂಗಳಲ್ಲಿ ಒಪ್ಪಂದವನ್ನು ಸಂಸತ್ತಿನ ಅನುಮೋದನೆಗೆ ಇಡಲಿಲ್ಲ. ಮತಗಳು ಸಾಲವೆಂದು ಎಣಿಸಿ ಕಾದರು. ನಮ್ಮ ಅಭಿಪ್ರಾಯದಲ್ಲಿ ಇದು ಅವರ ರಾಜಕೀಯ ಜೀವನದ ದೊಡ್ಡ ತಪ್ಪು. 1950ರ ಮೇ ತಿಂಗಳಲ್ಲಿ ಹತ್ತು ದಿನಗಳೊಳಗೆ ತೀರ್ಮಾನಿಸಿದ ಮನುಷ್ಯ ಇಲ್ಲಿ ಕಾಲವೇ ಸಹಾಯಕ್ಕೆ ಬರುವುದೆಂದು ನಂಬಿದರು. ಕಾಲ ವಿರುದ್ಧವಾಗಿ ಹರಿಯಿತು. 1953ರ ಜನವರಿಯಲ್ಲಿ, ಜನರಲ್ ಡಿ ಗಾಲ್ ಅನುಯಾಯಿಗಳ ಬೆಂಬಲ ಬೇಕಾಗಿದ್ದ ಹೊಸ ಸರ್ಕಾರದಲ್ಲಿ ಅವರಿಗೆ ಸ್ಥಾನ ಸಿಗಲಿಲ್ಲ. ಮಾರ್ಚಿನಲ್ಲಿ ಸ್ಟಾಲಿನ್ ತೀರಿಕೊಂಡು ಭಯ ತಗ್ಗಿತು. 1954ರ ಮೇ ತಿಂಗಳಲ್ಲಿ ವಿಯೆಟ್ನಾಮಿನ ದಿಯೆನ್ ಬಿಯೆನ್ ಫೂ ಕೋಟೆ ಬಿದ್ದು ಫ್ರೆಂಚ್ ಸೇನೆಯ ಮಾನ ನೊಂದಿತ್ತು. ಆಗ ಆ ಸೇನೆಯನ್ನು ಯೂರೋಪಿನ ಸೇನೆಯಲ್ಲಿ ಕರಗಿಸುವ ಮಾತನ್ನು ಕೇಳುವವರಾರು? ಜರ್ಮನಿ, ಹಾಲೆಂಡ್, ಬೆಲ್ಜಿಯಂ, ಲಕ್ಸೆಂಬರ್ಗ್ ಅನುಮೋದಿಸಿದ ಒಪ್ಪಂದವನ್ನು ಅದನ್ನು ಮೊದಲು ಸೂಚಿಸಿದ ಫ್ರಾನ್ಸೇ 1954ರ ಆಗಸ್ಟ್ 30ರಂದು ಚರ್ಚೆಯನ್ನೂ ಪೂರ್ತಿಗೊಳಿಸದೆ 319ಕ್ಕೆ 264 ಮತಗಳಿಂದ ತಳ್ಳಿಹಾಕಿತು. ಡಿ ಗಾಲ್ ಅನುಯಾಯಿಗಳೂ ಕಮ್ಯೂನಿಸ್ಟರೂ ಅಂದು ಒಂದೇ ಪಾಳೆಯದಲ್ಲಿದ್ದರು. ಈ ಒಪ್ಪಂದಕ್ಕಾಗಿ ಕೊನೆಯ ದಿನಗಳವರೆಗೂ ಮರುಗಿದ ದೆ ಗ್ಯಾಸ್ಪರಿ ಅದಕ್ಕೆ ಹನ್ನೊಂದು ದಿನ ಮೊದಲು ಕಣ್ಮುಚ್ಚಿದ್ದರು.

ಫಲವೇನಾಯಿತು? 1955ರ ಮೇ ತಿಂಗಳಲ್ಲಿ ಪಶ್ಚಿಮ ಜರ್ಮನಿ ತನ್ನದೇ ಸೇನೆಯನ್ನು ಕಟ್ಟುವ ಹಕ್ಕಿನೊಡನೆ ನೇರವಾಗಿ ನ್ಯಾಟೊ ಸೇರಿತು. ಅದೇ ತಿಂಗಳು ಸೋವಿಯತ್ ಒಕ್ಕೂಟ ವಾರ್ಸಾ ಒಪ್ಪಂದವನ್ನು ಕಟ್ಟಿತು. ಅಂದಿನಿಂದ ಯೂರೋಪಿನಲ್ಲಿ ಕೆಲಸ ಎರಡು ಪಾಲಾಯಿತು: ಮಾರುಕಟ್ಟೆ, ಕಾನೂನು, ಕೃಷಿ ಒಂದು ಮನೆಗೆ, ಸೇನೆ, ಕ್ಷಿಪಣಿ, ಅಣ್ವಸ್ತ್ರ ಇನ್ನೊಂದು ಮನೆಗೆ. ಆ ಇನ್ನೊಂದು ಮನೆಯ ಬೀಗದ ಕೈ ಬಹುಪಾಲು ವಾಷಿಂಗ್ಟನ್ನಿನಲ್ಲಿ ಉಳಿಯಿತು.

ಶೂಮನ್ ಕಹಿಯಾಗಲಿಲ್ಲ. 1958ರಲ್ಲಿ ಸ್ಟ್ರಾಸ್‌ಬರ್ಗಿನ ಯೂರೋಪ್ ಸಂಸದೀಯ ಸಭೆಯ ಮೊದಲ ಅಧ್ಯಕ್ಷರಾಗಿ ಆಯ್ಕೆಯಾದರು. 1960ರಲ್ಲಿ ಆರೋಗ್ಯ ಕೆಟ್ಟು ಇಳಿದಾಗ ಆ ಸಭೆಯೇ ಅವರನ್ನು ಯೂರೋಪಿನ ಪಿತಾಮಹರೆಂದು ಗೌರವಿಸಿತು. ಹಳೆಯ ಪುಸ್ತಕಗಳ ನಡುವೆ, ಇಗರ್ಜಿಯ ಎದುರಿನ ತಮ್ಮ ಮನೆಯಲ್ಲಿ ಕೊನೆಯ ವರ್ಷಗಳನ್ನು ಕಳೆದು, 1963ರ ಸೆಪ್ಟೆಂಬರ್ 4ರಂದು ಎಪ್ಪತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಬಿಟ್ಟುಹೋದ ಅರ್ಧ ಕೆಲಸ ಇಂದು ಮತ್ತೆ ಬಾಗಿಲು ತಟ್ಟುತ್ತಿದೆ. ಕಲ್ಲಿದ್ದಲಿನ ಒಪ್ಪಂದ ತನ್ನ ಐವತ್ತು ವರ್ಷಗಳ ಅವಧಿ ಮುಗಿಸಿ 2002ರಲ್ಲಿ ಕೊನೆಗೊಂಡಿತು. ಅದರ ಬೇರಿನಿಂದ ಬೆಳೆದ ಒಕ್ಕೂಟದಲ್ಲಿ ಬ್ರಿಟನ್ 2020ರಲ್ಲಿ ಹೊರಟ ಮೇಲೆ 27 ದೇಶಗಳಿವೆ. 2022ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ಪೂರ್ಣ ದಾಳಿ ನಡೆಸಿದ ಬಳಿಕ, ತಲೆಮಾರುಗಳಿಂದ ಕೂಟಗಳಿಗೆ ಸೇರದಿದ್ದ ಫಿನ್‌ಲೆಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ನ್ಯಾಟೊ ಸೇರಿ ಅದರ ಸದಸ್ಯರು 32 ಆದರು. 27ರಲ್ಲಿ 23 ದೇಶಗಳು ಎರಡೂ ಮನೆಗಳಲ್ಲಿವೆ. ಅಮೆರಿಕದ ಒತ್ತಾಯದಿಂದ 2025ರ ಜೂನಿನಲ್ಲಿ ಹೇಗ್ ನಗರದಲ್ಲಿ ನ್ಯಾಟೊ ಸದಸ್ಯರು 2035ರೊಳಗೆ ರಾಷ್ಟ್ರೀಯ ಉತ್ಪನ್ನದ ಶೇ. 5ರಷ್ಟನ್ನು ರಕ್ಷಣೆಗೆ ತೆಗೆದಿಡುವ ಗುರಿಯಿಟ್ಟುಕೊಂಡರು. ಯೂರೋಪ್ ಒಕ್ಕೂಟವೂ ಅದೇ ಮಾರ್ಚಿನಲ್ಲಿ 800 ಶತಕೋಟಿ ಯೂರೋಗಳವರೆಗಿನ ಯೋಜನೆಯನ್ನು ಮುಂದಿಟ್ಟಿತು. ಹಣದ ಮಾತು ಬೇಗನೆ ಮುಗಿಯುತ್ತದೆ. ಆ ಸೈನಿಕರು ಯಾರ ಅಪ್ಪಣೆಗೆ ಹೊರಡಬೇಕು, ಪೋಲೆಂಡಿನ ಗಡಿಗಾಗಿ ಪೋರ್ಚುಗಲ್ಲಿನ ತಾಯಿ ಮಗನನ್ನು ಕಳುಹಿಸುವಳೇ ಎಂಬ 1954ರ ಪ್ರಶ್ನೆ ಹಾಗೆಯೇ ಉಳಿದಿದೆ. ಒಂದೇ ಸೇನೆ ಎಂದೊಡನೆ ಐಕ್ಯ ಬರುವುದಿಲ್ಲವೆಂದು ವಾದಿಸುವವರ ಮಾತಿನಲ್ಲಿಯೂ ಹುರುಳಿದೆ. ಶೂಮನ್ ಸ್ವತಃ ಕಲ್ಲಿದ್ದಲಿನಿಂದ ಆರಂಭಿಸಿ ಮೆಲ್ಲಗೆ ಸೇನೆಯತ್ತ ಸಾಗಬೇಕೆಂದಿದ್ದವರು, ಕೊರಿಯದ ಯುದ್ಧ ಅವರನ್ನು ಅವಸರಕ್ಕೆ ದೂಡಿತು.

ಸೀ-ಶಾಝೆಲ್‌ನ ಅವರ ಮನೆ ಈಗ ವಸ್ತುಸಂಗ್ರಹಾಲಯ. ಅದರೆದುರಿನ ಸಂತ ಕ್ವೆಂಟಿನ್ ಇಗರ್ಜಿಯಲ್ಲಿ ಅವರ ಸಮಾಧಿಯಿದೆ. ಗಡಿನಾಡಿನ ದಾಳಿಗಳಿಗೆ ಅಂಜಿ ಹಳ್ಳಿಗರು ಶತಮಾನಗಳ ಹಿಂದೆ ಕೋಟೆಯಂತೆ ಭದ್ರಪಡಿಸಿದ ಇಗರ್ಜಿಯದು. ಮೆಟ್ಸ್ ಧರ್ಮಪ್ರಾಂತ್ಯವು 1990ರಲ್ಲಿ ಆರಂಭಿಸಿದ ವಿಚಾರಣೆ 2004ರಲ್ಲಿ ಮುಗಿದು ಕಡತಗಳು ರೋಮಿಗೆ ಹೋದವು. ಪುನೀತರೆಂದು ಸಾರಬೇಕಾದರೆ ಅವರ ಬಿನ್ನಹದಿಂದ ನಡೆದ ಅದ್ಭುತವೊಂದು ದೃಢಪಡಬೇಕು. ಅದಕ್ಕಾಗಿ ಅಲ್ಲಿನ ವಿಶ್ವಾಸಿಗಳು ಪ್ರಾರ್ಥಿಸುತ್ತಿದ್ದಾರೆ.